ನಿಲಯದ ಸೀಸೆಯ ಕುರಿತು ತಡವಾಗಿ ಸಲ್ಲಿಸುವ ವಿವರಣೆ

ವಿಷಯ: ವಿದ್ಯಾರ್ಥಿ ನಿಲಯದಲ್ಲಿ ಸೇಂದಿ ಇಟ್ಟುಕೊಂಡು, ಅದನ್ನು ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿಗೆ ನನ್ನ ಕೈಯಾರೆ ಕುಡಿಸಿದ್ದರ ಬಗ್ಗೆ.

ಉಲ್ಲೇಖ: ಎಂಬತ್ತರ ದಶಕದಲ್ಲಿ ನನಗೆ ಬಂದ ಕಾರಣ ಕೇಳುವ ನೋಟೀಸು, ಮತ್ತು ಅದಕ್ಕೆ ನಾನು ಅಂದು ಕೊಟ್ಟ ಒಂದೂವರೆ ಸಾಲಿನ ಉತ್ತರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಓದುಗರ ಅವಗಾಹನೆಗೆ ತರುವುದೇನೆಂದರೆ, ಸದರಿ ನೋಟೀಸಿನಲ್ಲಿ ಉತ್ತರಕ್ಕೆ ಮೂರು ದಿನಗಳ ಕಾಲಾವಕಾಶವಿತ್ತು. ಮೂರು ದಿನಗಳಲ್ಲಿ ನನ್ನಿಂದ ಒಂದೂವರೆ ಸಾಲು ಮಾತ್ರ ಸಾಧ್ಯವಾಯಿತು. ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಸೇವೆಯುದ್ದಕ್ಕೂ ನಾನು ಬರೆದದ್ದೆಲ್ಲ ಕಚೇರಿಯ ಪತ್ರಗಳೇ. ಬೇರೆ ರೀತಿಯಲ್ಲಿ ಬರೆಯಲು ಕುಳಿತರೆ ಮೊದಲ ಪದವೇ ಸಿಗುವುದಿಲ್ಲ. ಆದ್ದರಿಂದ ಗೊತ್ತಿರುವ ನಮೂನೆಯಲ್ಲೇ ಸಲ್ಲಿಸುತ್ತಿದ್ದೇನೆ. ಆದರೆ ಇದು ಕ್ಷಮಾಪಣೆಯ ಪತ್ರವಲ್ಲವೆಂಬುದನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇನೆ.

ಪೂರ್ವಭಾವಿಯಾಗಿ ಒಂದು ಸಂಗತಿ. ನಾನು ಓದಿದ್ದು ರಾಯಚೂರು ನಗರದಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ನಮ್ಮ ಪ್ರೌಢಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಬಾಯಿ ಮೂಸುವ ಪದ್ಧತಿಯಿತ್ತು. ವ್ಯಾಯಾಮದ ಮಾಸ್ತರರು ಸಾಲಿನುದ್ದಕ್ಕೂ ನಡೆಯುತ್ತ "ಹಾ ಅನ್ನಲೇ" ಎನ್ನುವರು. ನಾವು ಅವರ ಮುಖಕ್ಕೆ ಉಸಿರು ಬಿಡಬೇಕು. ಬೀಡಿಯ ವಾಸನೆ ಬಂದರೆ ಎರಡು ಏಟು. ಸೇಂದಿಯ ಹುಳಿ ವಾಸನೆ ಬಂದರೆ ವರ್ಗಾವಣೆ ಪತ್ರ. ತರಗತಿಯ ಮಾನಿಟರ್ ಆಗಿದ್ದ ನಾನು ಹೆಸರು ಬರೆಯುವ ಪುಸ್ತಕ ಹಿಡಿದು ಅವರ ಹಿಂದೆ ನಡೆಯುತ್ತಿದ್ದೆ. ನನ್ನ ಬೆಂಚಿನಲ್ಲಿ ಕೂರುತ್ತಿದ್ದವನು ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ. ಅವನು ಒಂದು ದಿನ ಲವಂಗ ಜಗಿದು ಬಂದ. ಮಾಸ್ತರರಿಗೆ ಏನೂ ವಾಸನೆ ಹತ್ತದೆ ಅವರು ಮುಂದೆ ಸರಿದರು. ನಾನು ಸರಿಯಲಿಲ್ಲ. "ಸರ, ಇವ ಮುಂಜಾನೆದ್ದು ಲವಂಗ ಯಾಕ ತಿಂದಾನ, ಕೇಳ್ರಿ" ಎಂದೆ.

ಮಧ್ಯಾಹ್ನದೊಳಗೆ ಅವನು ಶಾಲೆಯಲ್ಲಿರಲಿಲ್ಲ. ಕುಡಿಯುವುದೇಕೆ, ಎಂದಿನಿಂದ, ಯಾರು ಕಲಿಸಿದರು ಎಂದು ಅವನನ್ನು ಯಾರೂ ಕೇಳಲಿಲ್ಲ. ಎರಡು ವರ್ಷದ ನಂತರ ಹತ್ತಿ ಮಾರುಕಟ್ಟೆಯಲ್ಲಿ ಅವನು ಬೆನ್ನ ಮೇಲೆ ಹತ್ತಿಯ ಮೂಟೆ ಹೊತ್ತು ಎದುರಾದ. ನನ್ನನ್ನು ಕಂಡು ಜೊತೆಗಾರರಿಗೆ, "ಮಾನಿಟರ್ ಸಾಹೇಬ್ರು ಬಂದಾರ, ದಾರಿ ಬಿಡ್ರಲೇ" ಎಂದ. ನಂತರ ನನ್ನ ಮುಖದ ಹತ್ತಿರ ಬಾಯಿ ತಂದು, "ಹಾ... ಬರಕೋ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ.

ತದನಂತರ ನಾನು ಸರ್ಕಾರಿ ಸೇವೆಗೆ ಸೇರಿ, ಎಂಬತ್ತರ ದಶಕದ ನಡುವಿನಲ್ಲಿ ದೇವದುರ್ಗದ ಒಂದು ಬಾಲಕರ ವಿದ್ಯಾರ್ಥಿ ನಿಲಯಕ್ಕೆ ಮೇಲ್ವಿಚಾರಕನಾಗಿ ಬಂದೆ. ಸೇಂದಿ ಈಚಲ ಗಿಡದಿಂದ ಇಳಿಯುತ್ತದೆಂದು ದೂರದವರು ತಿಳಿದಿರಬಹುದು. ನಮ್ಮ ಭಾಗದಲ್ಲಿ ಈಚಲ ಗಿಡವನ್ನು ಹುಡುಕಿಕೊಂಡು ಹೋಗಬೇಕಿತ್ತು. ಅಂಗಡಿಯ ಸೀಸೆಗಳು ಮಾತ್ರ ಎಂದೂ ಬರಿದಾಗಿರುತ್ತಿರಲಿಲ್ಲ. ನೀರಿಗೆ ಹುಳಿ, ಸಿಹಿ, ಮತ್ತೇರಲು ಒಂದು ಬಿಳಿ ಪುಡಿ; ಅದಕ್ಕೆ ಜನ 'ಪೌಡರ್' ಎಂದೇ ಹೇಳುತ್ತಿದ್ದರು. ಶಾಲೆಯಿಂದ ನಿಲಯಕ್ಕೆ ಬರುವ ದಾರಿಯಲ್ಲೇ ಅಂಗಡಿಯಿತ್ತು. ಹಿರಿಯ ಹುಡುಗರಲ್ಲಿ ಕೆಲವರು ಅಲ್ಲಿ ನಿಂತು ಬರುತ್ತಾರೆಂಬುದು ನನಗೆ ಬಂದ ವಾರದಲ್ಲೇ ತಿಳಿಯಿತು.

ಇಲ್ಲಿ ನನ್ನ ತಪ್ಪನ್ನು ದಾಖಲಿಸುತ್ತೇನೆ. ಸಂಕ್ರಾಂತಿ ರಜೆ ಮುಗಿದ ಮರುದಿನ ನಾನು ಹುಡುಗರನ್ನೆಲ್ಲ ಶಾಲೆಯಿಂದ ಸಾಲಾಗಿ ಕರೆತಂದು, ನಿಲಯದ ಗೇಟಿಗೆ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರದಂತೆ ಕೊರಳಿಗೆ ಹಾಕಿಕೊಂಡೆ. ಅದೇ ಸಂಜೆ ರಾಯಚೂರಿನ ಮೇಲಿನ ಕಚೇರಿಗೆ ಪತ್ರ ಬರೆದೆ: "ಈ ನಿಲಯವನ್ನು ಇಂದಿನಿಂದ ಸೇಂದಿಮುಕ್ತಗೊಳಿಸಲಾಗಿದೆಯೆಂದು ತಿಳಿಸಲು ಸಂತೋಷಿಸುತ್ತೇನೆ." ಪ್ರತಿಯನ್ನು ಎರಡು ಸಲ ಓದಿಕೊಂಡೆ. ಅಷ್ಟು ಸುಂದರವಾದ ವಾಕ್ಯವನ್ನು ನಾನು ಅದುವರೆಗೆ ಬರೆದಿರಲಿಲ್ಲ.

ಮಾನ್ವಿ ತಾಲೂಕಿನ ಮಲ್ಲಟದಿಂದ ಬಂದ ಒಬ್ಬ ಹುಡುಗ ಹತ್ತನೆಯ ತರಗತಿಯಲ್ಲಿದ್ದ. ಅವನು ಕೂಸಾಗಿದ್ದಾಗಲೇ ತಂದೆತಾಯಿ ಕೂಲಿಗೆಂದು ಊರೂರು ಅಲೆದವರು. ಆ ವರ್ಷ ಶಕ್ತಿನಗರದಲ್ಲಿ ಗುತ್ತಿಗೆಯ ಕೆಲಸದಲ್ಲಿದ್ದರು. ಕೆಲಸದ ಜಾಗದಲ್ಲಿ ಕೂಸು ಅಳಬಾರದೆಂದು ಜೋಳಿಗೆಯಲ್ಲಿ ಮಲಗಿಸಿ ಒಂದು ಚಮಚ ಸೇಂದಿ ಹಾಕುವುದು ಕೂಲಿಯ ತಾಯಂದಿರಲ್ಲಿ ರೂಢಿಯಾಗಿತ್ತು. ಆ ಚಮಚ ಈ ಹುಡುಗನ ಜೊತೆಗೇ ಬೆಳೆದು ಸೀಸೆಯಾಗಿತ್ತು. ಈ ಯಾವುದೂ ಆಗ ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ.

ಗೇಟು ಹಾಕಿದ ಮೊದಲ ದಿನ ಅವನು ಚಳಿಯಲ್ಲಿ ಬೆವೆತ. ಎರಡನೆಯ ದಿನ ಉಣ್ಣಲಿಲ್ಲ. ಪುಸ್ತಕದ ಮೇಲಿಂದ ಏನನ್ನೋ ಕೊಡವುತ್ತ ಕುಳಿತಿದ್ದ. ಏನೆಂದು ಕೇಳಿದಾಗ "ಇರಿವಿ ಅದಾವ್ರಿ ಸರ, ಬಾಳ ಅದಾವು" ಎಂದ. ಅಲ್ಲಿ ಒಂದು ಇರುವೆಯೂ ಇರಲಿಲ್ಲ. "ನಾಟಕ ಬಿಡು, ಓದು" ಎಂದು ಹೇಳಿದವನು ನಾನು. ಮೂರನೆಯ ದಿನ ಬೆಳಿಗ್ಗೆ ನಿಲಯದ ಪ್ರಾರ್ಥನೆಯ ಸಾಲಿನಲ್ಲಿ ಅವನು ಬಿದ್ದ. ಕೈಕಾಲು ಸೆಟೆದು ಬಡಿದುಕೊಂಡವು, ಹಲ್ಲು ಕಚ್ಚಿಕೊಂಡವು. ನಿಲಯದ ಅಡುಗೆಯಾತ ಓಡಿಬಂದು, "ಗಾಳಿ ಬಡದದ್ರಿ ಸರ, ದರ್ಗಾಕ್ಕ ಒಯ್ಯೂಣು ನಡ್ರಿ" ಎಂದ. ನಾನು ಕೊರಳಿನ ಬೀಗದ ಕೈಯನ್ನು ಹಿಡಿದು ನಿಂತೇ ಇದ್ದೆ. ಕೊನೆಗೆ ಅಡುಗೆಯಾತನೇ ಅದನ್ನು ನನ್ನ ಕೊರಳಿಂದ ಎಳೆದು ಗೇಟು ತೆಗೆದ. ದರ್ಗಾ ಬೇಡವೆಂದು ನಾನು ಹೇಳಿ, ಟಾಂಗಾದಲ್ಲಿ ಆಸ್ಪತ್ರೆಗೆ ಒಯ್ದೆವು.

ಆಸ್ಪತ್ರೆಯ ಕಂಪೌಂಡರ್ ಬಜಾರಿನ ಓಣಿಯವರು, ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಹಿರಿಯರು. ಹುಡುಗನ ರೆಪ್ಪೆ ಎತ್ತಿ ನೋಡಿ ನನ್ನತ್ತ ತಿರುಗಿದರು.

"ಎಷ್ಟು ದಿನಾ ಆತು ಸಾಬ್, ಸೇಂದಿ ಬಂದ್ ಮಾಡಿ?"

"ಮೂರು ದಿನ."

"ಏಕ್‌ದಮ್ ಬಂದ್ ಮಾಡಿದ್ರಿ?"

"ಹೌದು, ಪೂರ್ತಿಯಾಗಿ."

"ಶಾಬಾಸ್! ಬಾವ್ಯಾಗ ಇಳಿಬಿಟ್ಟ ಮನಿಷ್ಯಾನ ಹಗ್ಗಾನೇ ಕೊಯ್ದು ಬಂದೀರಿ."

ವೈದ್ಯರು ದಕ್ಷಿಣದ ಕಡೆಯ ತರುಣರು. ಸೂಜಿಮದ್ದು ಕೊಟ್ಟರು, ಮಾತ್ರೆ ಕೊಟ್ಟರು, ನಾಲ್ಕು ದಿನ ಹಾಸಿಗೆಯಲ್ಲಿಟ್ಟುಕೊಂಡರು. ಅಪಾಯ ಸರಿಯಿತು. ಐದನೆಯ ದಿನ ಆಸ್ಪತ್ರೆಯಲ್ಲಿ ಆ ಮಾತ್ರೆಗಳು ತೀರಿದವು. ಹುಡುಗನ ಬೆರಳು ಮತ್ತೆ ನಡುಗತೊಡಗಿತು. ವೈದ್ಯರು ನನ್ನನ್ನು ವರಾಂಡಕ್ಕೆ ಕರೆದು, "ಒಮ್ಮೆಲೇ ನಿಲ್ಲಿಸಿದರೆ ಮತ್ತೆ ಹೀಗೇ ಆಗುತ್ತದೆ. ದಿನಕ್ಕಿಷ್ಟು ಅಂತ ಇಳಿಸುತ್ತ ಬರಬೇಕು. ಬಾಯಲ್ಲಿ ಹೇಳಬಲ್ಲೆ. ಸೇಂದಿ ಕುಡಿಸಿ ಅಂತ ಚೀಟಿ ಬರೆಯಲಾರೆ" ಎಂದರು. ನಾನು ಅವರನ್ನು ದೂರುವುದಿಲ್ಲ. ಅವರು ಹೇಳಿದರು, ಅಷ್ಟನ್ನಾದರೂ ಹೇಳುವವರು ಆಗ ಬೇರೆ ಇರಲಿಲ್ಲ.

ಅದೇ ಬೆಳಿಗ್ಗೆ ಮಲ್ಲಟದಿಂದ ಹುಡುಗನ ಅಜ್ಜಿ ಬಂದರು. ಕೂಸುತನ ಕಳೆದ ಮೇಲೆ ಅವನನ್ನು ಸಾಕಿದ್ದು ಅವರೇ; ನಿಲಯದ ದಾಖಲೆಯಲ್ಲಿ ಪಾಲಕರೂ ಅವರೇ. ವಾರ್ಡಿನ ಬಾಗಿಲಲ್ಲೇ ನಿಂತು ಕೇಳಿದರು:

"ಯಾವಲೇ ಅವ, ಗೇಟ್ ಹಾಕಿದಾವ?"

"ನಾನೇ, ಯವ್ವಾ."

"ಮಕ್ಳದಾವೇನು ನಿನಗ?"

"ಇನ್ನೂ ಇಲ್ಲ."

"ಅದಕ್ಕ. ಇದ್ದಿದ್ರ, ಮೊಲಿ ಬಿಡಸೋದು ಹ್ಯಾಂಗಂತ ನಿನ್ ಹೇಣ್ತಿ ಹೇಳ್ತಿದ್ಲು. ಒಂದ ದಿನಕ್ಕ ಯಾರರ ಬಿಡಸ್ತಾರೇನು? ಕೂಸು ಸೊರಗತದ, ತಾಯಿಗಿ ಬಾವು ಬರ್ತದ."

ಕಂಪೌಂಡರ್ ಸ್ಟೂಲು ಎಳೆದುಕೊಟ್ಟು, "ಕೂಡ್ರಿ ಬೇ, ಡಾಕ್ಟ್ರೂ ಅದನ್ನೇ ಅಂದಾರ" ಎಂದರು.

"ಡಾಕ್ಟ್ರಗ ಯಾರ್ ಹೇಳಿಕೊಟ್ರು? ನಾ ಬಿಟ್ಟೀನಿ, ನನ್ನ ಕೇಳ್ರಿ. ಗಂಡ ಸತ್ತ ವರ್ಷ ಬಿಟ್ಟೀನಿ. ದಿನಾ ಒಂದ್ ಚಮಚ ಸೇಂದಿ ತಗಿ, ಒಂದ್ ಚಮಚ ಗಂಜಿ ತಿಳಿ ಹಾಕು. ಸೀಸೆ ಮಾತ್ರ ತುಂಬಿರಬೇಕು ನೋಡು, ಯಪ್ಪಾ. ಸೀಸೆ ಕಡಿಮಿ ಆದ್ರ ಕಣ್ಣು ಅಳ್ತಾವ. ಕಣ್ಣು ಅತ್ರ ಹೊಟ್ಟಿ ಅಳ್ತದ."

ವೈದ್ಯರು ಇದನ್ನು ನಿಂತು ಕೇಳಿದರು. ಚಮಚವನ್ನು ನಂಬಬೇಡಿ ಎಂದು, ಗೆರೆ ಕೊರೆದ ಔಷಧದ ಗಾಜಿನ ಲೋಟವನ್ನು ನನ್ನ ಕೈಗಿಟ್ಟರು. ನಿತ್ಯ ಎಷ್ಟು ಗೆರೆ ಇಳಿಸಬೇಕೆಂದು ತೋರಿಸಿದರು. ಕಂಪೌಂಡರ್ ಪ್ರತಿ ಸಂಜೆ ನಿಲಯಕ್ಕೆ ಬಂದು ನಾಡಿ ನೋಡುವುದೆಂದು ನಿಶ್ಚಯವಾಯಿತು. ಸೇಂದಿ ತರುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ. ಅಡುಗೆಯಾತನನ್ನು ಕಳಿಸಿದರೆ ಅವನ ಕೆಲಸಕ್ಕೆ ಸಂಚಕಾರ. ಆದ್ದರಿಂದ ನಾನೇ ಹೋದೆ.

ಇಸ್ತ್ರಿಯ ಅಂಗಿ ತೊಟ್ಟು ಸೇಂದಿ ಅಂಗಡಿಯ ಸರದಿಯಲ್ಲಿ ನಿಂತ ಮೇಲ್ವಿಚಾರಕನನ್ನು ದೇವದುರ್ಗ ಅದುವರೆಗೆ ಕಂಡಿರಲಿಲ್ಲ. "ಏನ್ರೀ ಸರ, ಹುಡುಗ್ರಿಗಿ ಬಿಡಸ್ತೀನಂತ ನೀವ ಹಿಡದ್ರಿ?" ಎಂದ ಒಬ್ಬ. "ಸರಕಾರಿ ಮಂದಿ, ಬಿಡ್ರೋ, ಮುಂದ ಬಿಡ್ರಿ. ಡ್ಯೂಟಿ ಮ್ಯಾಲ ಅದಾರ" ಎಂದ ಇನ್ನೊಬ್ಬ. ಮೊದಲ ವಾರ ತಲೆ ತಗ್ಗಿಸಿ ಸೀಸೆ ತೆಗೆದುಕೊಂಡು ಬಂದೆ. ಎರಡನೆಯ ವಾರ ನಾನೂ ಹೇಳಿದೆ: "ಹೌದು, ಡ್ಯೂಟಿ ಮೇಲೇ ಇದ್ದೇನೆ." ಅದು ನಿಜವೂ ಆಗಿತ್ತು.

ಸೀಸೆಯನ್ನು ಕಚೇರಿಯ ಕಪಾಟಿನಲ್ಲಿ ಹಾಜರಿ ಪುಸ್ತಕದ ಪಕ್ಕದಲ್ಲಿಟ್ಟೆ. ಬೆಳಿಗ್ಗೆ ಪ್ರಾರ್ಥನೆಗೆ ಮುನ್ನ ಮತ್ತು ಸಂಜೆ ಆಟದ ನಂತರ ಹುಡುಗ ಬರುವನು. ಅವನು ಬರುವ ಮುಂಚೆಯೇ ನಾನು ಗೆರೆ ನೋಡಿ ಸೇಂದಿ ತೆಗೆದು, ಅಷ್ಟೇ ಗಂಜಿಯ ತಿಳಿ ಬೆರೆಸಿ, ಸೀಸೆಯನ್ನು ಕತ್ತಿನವರೆಗೆ ತುಂಬಿಸಿಟ್ಟಿರುತ್ತಿದ್ದೆ. ಎರಡೂ ಬಣ್ಣದಲ್ಲಿ ಮಬ್ಬು ಬಿಳಿ. ಒಂದರಲ್ಲೊಂದು ಕಾಣದೆ ಸೇರುತ್ತಿದ್ದವು. ಅವನು ಕುಡಿದು ಬಾಯಿ ಒರೆಸಿಕೊಂಡು ಓದಲು ಹೋಗುವನು. ಕೆಲವು ದಿನ ಸಿಟ್ಟು ಮಾಡುತ್ತಿದ್ದ, ಒಂದು ದಿನ ಸ್ಲೇಟು ಒಡೆದ. ಒಂದು ಸಂಜೆ ಕಂಪೌಂಡರ್ ನಾಡಿ ಹಿಡಿದು, "ಒಂದ ಗೆರಿ ವಾಪಸ್ ಏರಸ್ರಿ ಸಾಬ್, ಅವಸರ ಬ್ಯಾಡ" ಎಂದರು. ಏರಿಸಿದೆ. ಮೂರು ದಿನದ ನಂತರ ಮತ್ತೆ ಇಳಿಸಿದೆ.

ಸೀಸೆಯಲ್ಲಿ ಅರ್ಧ ಸೇಂದಿ, ಅರ್ಧ ಗಂಜಿ ಆದ ವಾರದಲ್ಲಿ ರಾಯಚೂರಿನಿಂದ ಮೇಲಿನ ಅಧಿಕಾರಿಗಳು ತಪಾಸಣೆಗೆ ಬಂದರು. ನನ್ನ 'ಸೇಂದಿಮುಕ್ತ' ಪತ್ರವನ್ನು ಓದಿ, ಮೆಚ್ಚುಗೆ ಸೂಚಿಸಲೆಂದೇ ಬಂದಿದ್ದರು. ಕಪಾಟು ತೆರೆದರು. ಸೀಸೆಯ ಬಿರಡೆ ತೆಗೆದು ಮೂಸಿದರು.

"ಇದೇನ್ರೀ?"

"ಸೇಂದಿ, ಸರ್. ಅರ್ಧ."

"ಯಾರದು?"

"ನಿಲಯದ್ದು, ಸರ್."

ಅವರು ಕುಳಿತರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ; ಪೂರ್ತಿ ಕೇಳಿದರು. ಕೇಳಿದ ಮೇಲೆ ನನಗೊಂದು ದಾರಿ ತೋರಿಸಿದರು. "ನೋಡಿ, ನಿಮಗೆ ವಯಸ್ಸಿದೆ, ಸರ್ವಿಸ್ ಇದೆ. ಹುಡುಗ ಕದ್ದು ತಂದಿದ್ದ, ನೀವು ವಶಪಡಿಸಿಕೊಂಡಿರಿ. ಇಷ್ಟು ಬರೆದುಕೊಡಿ. ಅವನನ್ನು ನಿಲಯದಿಂದ ತೆಗೆಯೋಣ. ನಿಮಗೆ ಏನೂ ಆಗುವುದಿಲ್ಲ."

"ಪರೀಕ್ಷೆಗೆ ಒಂದೂವರೆ ತಿಂಗಳಿದೆ, ಸರ್. ನಿಲಯ ಬಿಟ್ಟರೆ ಅವನಿಗೆ ಶಾಲೆಯೂ ಇಲ್ಲ. ಊರಿಗೆ ಹೋದ ದಿನವೇ ಅರ್ಧ ಸೀಸೆ ಪೂರ್ತಿ ಸೀಸೆಯಾಗುತ್ತದೆ."

"ಒಬ್ಬ ಹುಡುಗನಿಗಾಗಿ ನಿಲಯದ ಹೆಸರು ಕೆಡಿಸಬೇಕೇನ್ರೀ? ಬರೀರಿ."

ಅವರು ತಮ್ಮ ಜೇಬಿನ ಪೆನ್ನನ್ನೇ ತೆಗೆದು ಕೊಟ್ಟರು. ಒಂದು ಸಾಲಿನ ಮಾತು. ನಾನು ಹಿಂದೊಮ್ಮೆ ಒಂದು ಸಾಲು ಹೇಳಿದ್ದೆ, ಪ್ರಾರ್ಥನೆಯ ಸಾಲಿನಲ್ಲಿ, ಲವಂಗದ ಬಗ್ಗೆ. ಪೆನ್ನಿಗೆ ಮುಚ್ಚಳ ಹಾಕಿ ಅವರ ಮುಂದಿಟ್ಟು, "ಇವನ ಹೆಸರು ನಾನು ಬರೆಯುವುದಿಲ್ಲ, ಸರ್" ಎಂದೆ. ಸೀಸೆಗೆ ಬಿರಡೆ ಹಾಕಿ ಕಪಾಟಿನಲ್ಲಿ ಮೊದಲಿನ ಜಾಗದಲ್ಲೇ ಇಟ್ಟೆ.

ಹತ್ತು ದಿನದೊಳಗೆ ಎರಡು ಕಾಗದ ಬಂದವು. ಮೊದಲನೆಯದು ನನಗೆ ನೋಟೀಸು. ಅದಕ್ಕೆ ನನ್ನ ಉತ್ತರ: "ಸೇಂದಿ ಕುಡಿಸಿರುವುದು ನಿಜ. ಬಿಡಿಸುವುದಕ್ಕಾಗಿ ಕುಡಿಸಿದ್ದೇನೆ, ಬಿಡುವವರೆಗೆ ಕುಡಿಸುತ್ತೇನೆ." ಎರಡನೆಯದು ಹುಡುಗನನ್ನು ನಿಲಯದಿಂದ ತೆಗೆಯುವ ಆದೇಶ. ಅದರ ಕೊನೆಯಲ್ಲಿ ಹೀಗಿತ್ತು: "ಪಾಲಕರಿಗೆ ಓದಿ ಹೇಳಿ, ಅವರ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆದ ನಂತರ ಜಾರಿಗೊಳಿಸತಕ್ಕದ್ದು." ಜಾರಿಗೊಳಿಸಬೇಕಾದವನು ನಾನೇ.

ನಾನು ಆದೇಶವನ್ನು ಒಂದಕ್ಷರವೂ ಮೀರಲಿಲ್ಲ. ಮಸಿಯ ಪ್ಯಾಡು ಹಿಡಿದು, ಎರಡು ಬಸ್ಸು ಬದಲಿಸಿ ಮಲ್ಲಟಕ್ಕೆ ಹೋದೆ. ಅಜ್ಜಿ ಅಂಗಳ ಸಾರಿಸುತ್ತಿದ್ದರು; ಮೊಣಕೈವರೆಗೆ ಸಗಣಿ. "ಈ ಕೈಲೆ ಸರಕಾರದ ಕಾಗದ ಮುಟ್ಟಲೇನು? ಮೈಲಿಗಿ ಆಗಂಗಿಲ್ಲೇನು?" ಎಂದರು. ಹಿಂದಿರುಗಿ ವರದಿ ಬರೆದೆ: "ಪಾಲಕರ ಕೈಗೆ ಬಿಡುವಿರಲಿಲ್ಲ." ಎರಡನೆಯ ಸಲ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಹೆಬ್ಬೆರಳು ಎತ್ತಿ ತೋರಿಸಿ, "ಉರಿ ಹತ್ತ್ಯದ, ಯಪ್ಪಾ. ನಿಮ್ಮ ಸಾಹೇಬ ಆ ಕಾಗದ ಮುಟ್ಟಿ ಕಣ್ಣ ತಿಕ್ಕೊಂಡ್ರ ಪಾಪ ನನಗ ಬರ್ತದ" ಎಂದರು. ಮತ್ತೆ ವರದಿ ಬರೆದೆ. ಅವರಿಗೆ ನಾನು ಏನನ್ನೂ ಹೇಳಿಕೊಡಲಿಲ್ಲವೆಂದು ಈಗಲೂ ಪ್ರಮಾಣ ಮಾಡಬಲ್ಲೆ. ಹೇಳಿಕೊಡಬೇಕಾದ ಅಗತ್ಯವೂ ಇರಲಿಲ್ಲ.

ಮೂರನೆಯ ಸಲ ಅವರ ಕೈಗಳು ಸ್ವಚ್ಛವಾಗಿದ್ದವು. ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಆದೇಶ ಓದಲು ಆರಂಭಿಸಿದೆ. ಕೈ ಎತ್ತಿ ತಡೆದರು.

"ನೀ ಓದಬ್ಯಾಡ."

"ಓದಿ ಹೇಳಬೇಕು ಅಂತ ನಿಯಮ ಇದೆ, ಯವ್ವಾ."

"ನೀ ಸರಕಾರದಾವ. ಕಾಗದದಾಗ ಒಂದಿದ್ರ ಬಾಯಾಗ ಒಂದು ಓದ್ತಿ. ನಮ್ಮ ಮನ್ಯಾಗ ಓದಾಕ ಬರೋದು ಒಬ್ಬಾತಗ. ಆತ ಪರೀಕ್ಷಿಗಿ ಓದಾಕ ಕುಂತಾನ. ಮುಗಿಸಿ ಬರಲಿ, ಆತ ಓದಲಿ, ನಾ ಕೇಳತೀನಿ. ಆಮ್ಯಾಲ ಬೇಕಾದ್ರ ಹತ್ತೂ ಬಟ್ಟು ಒತ್ತತೀನಿ. ಹೋಗಿ ಬರಕೋ ಇದನ್ನ."

ಬರೆದುಕೊಂಡೆ. ಅದೇ ಮಾತನ್ನು ಕಚೇರಿಯ ಭಾಷೆಗೆ ತಿರುಗಿಸಿ ಕಳುಹಿಸಿದೆ: "ಆದೇಶವನ್ನು ತಮ್ಮ ಕುಟುಂಬದ ಏಕೈಕ ಸಾಕ್ಷರ ಸದಸ್ಯನಿಂದಲೇ ಓದಿಸಿಕೊಳ್ಳುವುದಾಗಿಯೂ, ಸದರಿ ಸದಸ್ಯನು ಪರೀಕ್ಷಾ ನಿಮಿತ್ತ ಲಭ್ಯನಿಲ್ಲವೆಂದೂ ಪಾಲಕರು ತಿಳಿಸಿರುತ್ತಾರೆ." ಮೇಲಿನ ಕಚೇರಿಯವರು ಇದಕ್ಕೆ ಏನು ಬರೆಯಬೇಕೆಂದು ಯೋಚಿಸುತ್ತಿರುವಾಗಲೇ ಪರೀಕ್ಷೆ ಹತ್ತಿರವಾಯಿತು.

ಪರೀಕ್ಷೆಗೆ ನಾಲ್ಕು ದಿನ ಮುಂಚೆ ಹುಡುಗ ಸೀಸೆ ಕುಡಿದು ಕೆಳಗಿಟ್ಟು, ಹೋಗದೆ ನಿಂತ.

"ಸರ, ನಾಳಿಂದ ಇದಕ್ಕ ಉಪ್ಪರ ಹಾಕ್ರಿ."

"ಯಾಕೋ?"

"ಬರೇ ಗಂಜಿ ಬಾಳ ಸಪ್ಪಗ ಆಗತದ್ರಿ."

ಸೀಸೆಯಲ್ಲಿ ಸೇಂದಿ ಇಲ್ಲವಾಗಿ ವಾರ ಕಳೆದಿತ್ತು. "ಯಾವಾಗಿನಿಂದ ಗೊತ್ತು?" ಎಂದೆ.

"ಮೊದಲನೇ ದಿನದಿಂದ್ರಿ. ನಮ್ಮಜ್ಜಿ ಕೈಯಾಗ ಬೆಳದಾವ್ರಿ ನಾ, ಗಂಜಿ ವಾಸನಿ ತಿಳಿಯಂಗಿಲ್ಲೇನು?"

"ಮತ್ತೆ ಹೇಳಲಿಲ್ಲ ಯಾಕೆ?"

"ನೀವು ಆ ಗಿಲಾಸ ಕಣ್ಣಿಗಿ ಹತ್ತಿಸಿಕೊಂಡು, ಉಸಿರ ಬಿಗಿಹಿಡದು ಗೆರಿ ನೋಡತಿದ್ರಿ. ಕಿಡಿಕ್ಯಾಗಿಂದ ನೋಡೀನ್ರಿ. ಪಾಪ ಅನಿಸ್ತು."

ಅವನು ಪರೀಕ್ಷೆಯ ಅಷ್ಟೂ ಪತ್ರಿಕೆಗಳನ್ನು ಬರೆದ. ಕೊನೆಯ ಪತ್ರಿಕೆಯ ಮರುದಿನ ಊರಿಗೆ ಹೋಗಿ, ತನ್ನನ್ನು ನಿಲಯದಿಂದ ತೆಗೆದುಹಾಕಿರುವ ಆದೇಶವನ್ನು ತಾನೇ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದ. ನಾನು ಪ್ಯಾಡು ಹಿಡಿದು ಪಕ್ಕದಲ್ಲಿದ್ದೆ. ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಮೊಮ್ಮಗನ ಕೆನ್ನೆಗೆ ದೃಷ್ಟಿಬೊಟ್ಟಿನಂತೆ ಒರೆಸಿದರು. ಆದೇಶ ಕ್ರಮಬದ್ಧವಾಗಿ ಜಾರಿಯಾಯಿತು.

ಅವನು ಇಂಗ್ಲಿಷಿನಲ್ಲಿ ನಪಾಸಾದ. ಮತ್ತೊಮ್ಮೆ ಕಟ್ಟಿ ಪಾಸಾದ. ಮುಂದೆ ಎಂದಾದರೂ ಕುಡಿದನೇ ಎಂಬುದನ್ನು ನಾನು ವಿಚಾರಿಸಿಲ್ಲ. ಬಾಯಿ ಮೂಸುವ ಕೆಲಸವನ್ನು ನಾನು ಬಿಟ್ಟಾಗಿತ್ತು. ನನಗೆ ಎಚ್ಚರಿಕೆಯ ದಂಡನೆ ವಿಧಿಸಿ, ವಿದ್ಯಾರ್ಥಿಗಳ ಸಂಪರ್ಕವಿಲ್ಲದ ಹುದ್ದೆಯೆಂದು ರಾಯಚೂರಿನ ಕಚೇರಿಯ ಸ್ವೀಕೃತಿ-ರವಾನೆ ವಿಭಾಗಕ್ಕೆ ಹಾಕಿದರು. ಅಲ್ಲಿ ಕುಳಿತು ನಾನು ಲಕೋಟೆಗಳ ಮೇಲೆ ವಿಳಾಸ ಬರೆದೆ. ಪ್ರತಿ ವರ್ಷ ಹೊಸ ಮೇಲ್ವಿಚಾರಕರಿಂದ "ಸೇಂದಿಮುಕ್ತಗೊಳಿಸಲಾಗಿದೆ" ಎಂಬ ಪತ್ರಗಳು ಬರುತ್ತಿದ್ದವು. ಅಂಥ ಪತ್ರ ಕಂಡಾಗಲೆಲ್ಲ, ಕಚೇರಿಯ ಲಕೋಟೆಯಲ್ಲಿ ಅಲ್ಲ, ನನ್ನ ಸ್ವಂತ ಕಾರ್ಡಿನಲ್ಲಿ ಎರಡು ಸಾಲು ಬರೆದು ಹಾಕುತ್ತಿದ್ದೆ: ಮೊದಲು ಹುಡುಗನನ್ನು ವೈದ್ಯರಲ್ಲಿಗೆ ಒಯ್ಯಿರಿ, ಅವನ ಮನೆಯ ಅಜ್ಜಿಯನ್ನು ಕರೆಸಿ ಕೇಳಿರಿ. ಇದಕ್ಕೂ ಅನುಮತಿ ಪಡೆದಿರಲಿಲ್ಲ.

ಅಂದಿನ ನೋಟೀಸಿನ ಕೊನೆಯಲ್ಲಿ, "ತಾವು ತಮ್ಮ ಕೃತ್ಯಕ್ಕೆ ವಿಷಾದ ವ್ಯಕ್ತಪಡಿಸುವಿರೇ?" ಎಂಬ ಪ್ರಶ್ನೆಯಿತ್ತು. ಒಂದೂವರೆ ಸಾಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಈಗ ಉತ್ತರಿಸುತ್ತೇನೆ. ವಿಷಾದವಿದೆ: ಗೇಟು ಹಾಕಿದ ಆ ಮೂರು ದಿನಗಳ ಬಗ್ಗೆ, "ನಾಟಕ ಬಿಡು" ಎಂದ ಮಾತಿನ ಬಗ್ಗೆ, ಲವಂಗದ ಬಗ್ಗೆ. ಸೀಸೆಯ ಬಗ್ಗೆ ಇಲ್ಲ. ಇನ್ನೊಬ್ಬ ಹುಡುಗ ಇನ್ನೊಂದು ಬೆಳಿಗ್ಗೆ ಸಾಲಿನಲ್ಲಿ ಬಿದ್ದರೆ, ವೈದ್ಯರ ಲೋಟ ಹಿಡಿದು ಅದೇ ಸರದಿಯಲ್ಲಿ ಮತ್ತೆ ನಿಲ್ಲುತ್ತೇನೆ. ಒಂದು ಚಿಟಿಕೆ ಉಪ್ಪು ಮೊದಲ ದಿನವೇ ಹಾಕುತ್ತೇನೆ.

ಈ ವಿವರಣೆಯನ್ನು ಒಪ್ಪುವುದೂ ತಳ್ಳಿಹಾಕುವುದೂ ಓದುವವರ ವಿವೇಚನೆಗೆ ಸೇರಿದ್ದು. ಇದನ್ನು ನಾನು ಹಿಂಪಡೆಯುವುದಿಲ್ಲ.